ಬ್ರೆಡ್ ಬೇರೆ, ನಮ್ಮ ರೊಟ್ಟಿ ಬೇರೆ

ಸಕ್ಕರೆ ಕಾಯಿಲೆಯವರಿಗೆ ಕೊಡುವ ಇಂಗ್ಲಿಷ್ ಆಹಾರಪಟ್ಟಿಯಲ್ಲಿ ‘ಬ್ರೆಡ್ ಕಡಿಮೆ ಮಾಡಿ’ ಎಂದಿದ್ದರೆ ನೀವು ಏನೆಂದು ತಿಳಿಯುತ್ತೀರಿ? ಹಿರಿಯರ ತಾಟಿನಿಂದ ಜೋಳದ ರೊಟ್ಟಿ ತೆಗೆಯುವ ಮೊದಲು ಆ ಪದವನ್ನು ಸ್ವಲ್ಪ ನೋಡೋಣ.

ಇಂಗ್ಲಿಷಿನಲ್ಲಿ ರೊಟ್ಟಿಗೆ ‘ಅನ್‌ಲೆವೆನ್ಡ್ ಫ್ಲಾಟ್‌ಬ್ರೆಡ್’ ಎನ್ನುತ್ತಾರೆ. ಅಂದರೆ ಹಿಟ್ಟು ಉಬ್ಬಿಸದೆ ಮಾಡಿದ ಚಪ್ಪಟೆ ಬ್ರೆಡ್. ಹೆಸರಿನಲ್ಲಿ ಬ್ರೆಡ್ ಇದ್ದರೂ ವಸ್ತು ಬೇರೆ. ಅಂಗಡಿಯ ಬಿಳಿ ಬ್ರೆಡ್ಡಿನಲ್ಲಿ ಮೈದಾ, ಯೀಸ್ಟ್, ಉಪ್ಪು, ಸಾಮಾನ್ಯವಾಗಿ ಸಕ್ಕರೆಯೂ ಇರುತ್ತದೆ. ಹೊನವಾಡ, ತಿಕೋಟಾ, ಬಬಲೇಶ್ವರ ಕಡೆಯ ನಮ್ಮ ರೊಟ್ಟಿಗೆ ಬೇಕಾದದ್ದು ಬಿಳಿಜೋಳದ ಹಿಟ್ಟು ಮತ್ತು ಬಿಸಿನೀರು. ಗೋಧಿಯಲ್ಲಿರುವ ಗ್ಲುಟೆನ್ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿನೀರು ಹಾಕಿ ನಾದಿ, ಕೈಯಿಂದ ಬಡಿಯುತ್ತೇವೆ.

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ನಾರಿನಂಶ ಇದೆ. ಆದರೆ ಪಿಷ್ಟವೂ ಹೇರಳವಾಗಿದೆ. ಆದ್ದರಿಂದ ಸಕ್ಕರೆ ಕಾಯಿಲೆಯವರು ‘ಜೋಳವಲ್ಲವೇ’ ಎಂದು ಲೆಕ್ಕವಿಲ್ಲದೆ ತಿನ್ನಬಾರದು. ಎಷ್ಟು ರೊಟ್ಟಿ ಎಂದು ಡಾಕ್ಟರರನ್ನೇ ಕೇಳಿ. ಜೊತೆಗೆ ಬೇಳೆ, ಸೊಪ್ಪಿನ ಪಲ್ಯ ಇರಲಿ. ರಮಝಾನಿನ ಸಹ್ರಿಗೂ ಇದು ಒಳ್ಳೆಯ ಊಟ. ಆದರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲೇ ಡಾಕ್ಟರರ ಸಲಹೆ ಪಡೆಯಬೇಕು.

ಪ್ರವಾದಿ(ಸ)ರ ಮನೆಯಲ್ಲಿ ಜರಡಿ ಹಿಡಿಯದ ಜವೆಗೋಧಿ ಹಿಟ್ಟಿನ ರೊಟ್ಟಿ ತಿನ್ನುತ್ತಿದ್ದರೆಂದು ಹದೀಸ್‌ಗಳಿಂದ ತಿಳಿಯುತ್ತದೆ. ನೀವೂ ಜೋಳದ ಹಿಟ್ಟನ್ನು ತೀರಾ ನಯವಾಗಿ ಜರಡಿ ಹಿಡಿಯಬೇಡಿ. ತವುಡಿನೊಂದಿಗೆ ನಾರೂ ಹೋಗುತ್ತದೆ.

ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೆ ಜೋಳದ ರೊಟ್ಟಿ ಆಸರೆ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಗೋಧಿಹಿಟ್ಟು ಬೆರೆಯುತ್ತದೆ. ಅಂಥವರ ಜೋಳವನ್ನು ಮನೆಯಲ್ಲೇ ಬೇರೆಯಾಗಿ ಬೀಸುವುದು ಕ್ಷೇಮ.

ಸ್ವಚ್ಛತೆಯ ಮಾತು: ಬಡಿಯುವ ಮುನ್ನ ಉಗುರು ಕತ್ತರಿಸಿ, ಸಾಬೂನಿನಿಂದ ಕೈ ತೊಳೆಯಿರಿ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಅರಿವೆಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಿ. ಒದ್ದೆ ಅರಿವೆಯಲ್ಲಿ ರೋಗಾಣು ಬೇಗ ಬೆಳೆಯುತ್ತವೆ. ಕಡಕ್ ರೊಟ್ಟಿಯನ್ನು ಪೂರ್ತಿ ಆರಿಸಿಯೇ ಬುಟ್ಟಿಗೆ ಹಾಕಿ. ಬೂಸಲು ಕಂಡ ರೊಟ್ಟಿಯನ್ನು ಆ ತುಣುಕಷ್ಟೇ ಮುರಿದು ತಿನ್ನಬೇಡಿ, ಪೂರ್ತಿ ಬಿಸಾಡಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ‘ಬ್ರೆಡ್’ ಅಥವಾ ‘ರೋಟಿ’ ಎಂದು ಹೇಳಿ ಸುಮ್ಮನಾಗಬೇಡಿ. ‘ಜೋಳದ ರೊಟ್ಟಿ, ಹೊತ್ತಿಗೆ ಇಷ್ಟು’ ಎಂದು ಬಿಡಿಸಿ ಹೇಳಿ. ಸಿಗುವ ಸಲಹೆ ನಿಮ್ಮ ತಾಟಿಗೆ ಸರಿಹೊಂದುತ್ತದೆ.