ತೊಗಲ ಹೊದಿಕೆಯ ಮೇಲಿನ ಕುಲಲಾಂಛನ

ಹನ್ನೆರಡನೆಯ ಶತಮಾನದ ಪಶ್ಚಿಮ ಯುರೋಪಿನಲ್ಲಿ ಯೋಧರ ಗುರಾಣಿಗಳ ಮೇಲೆ ಕಾಣಿಸಿಕೊಂಡು, ಮುಂದೆ ತಂದೆಯಿಂದ ಮಕ್ಕಳಿಗೆ ಸಲ್ಲುವ ಕುರುಹಾಗಿ ಬೆಳೆದ ಕುಲಲಾಂಛನವು ಪುಸ್ತಕಗಳ ತೊಗಲ ಹೊದಿಕೆಯ ಮೇಲೆ ವ್ಯಾಪಕವಾಗಿ ಮೂಡತೊಡಗಿದ್ದು ಹದಿನಾರನೆಯ ಶತಮಾನದಲ್ಲಿ. ಕಾಯಿಸಿದ ಲೋಹದ ಅಚ್ಚಿನಿಂದ ಚಿನ್ನದ ರೇಕನ್ನು ತೊಗಲಿಗೆ ಒತ್ತುವ ಕೌಶಲವು ಇಸ್ಲಾಮೀ ನಾಡುಗಳಿಂದ ಹದಿನೈದನೆಯ ಶತಮಾನದ ಇಟಲಿಗೆ ಬಂದು ಅಲ್ಲಿಂದ ಫ್ರಾನ್ಸಿಗೆ ಹಬ್ಬಿದ ಮೇಲೆ, ಗ್ರಂಥಸಂಗ್ರಾಹಕರು ತಮ್ಮ ಲಾಂಛನವನ್ನು ರಟ್ಟಿನ ನಡುವೆ ಒತ್ತಿಸತೊಡಗಿದರು.

ಈ ಸ್ಥಳಾಂತರದಲ್ಲಿ ಲಾಂಛನವು ತನ್ನ ಬಣ್ಣವನ್ನು ಕಳೆದುಕೊಂಡಿತು. ಸಿಂಹದ ಆಕೃತಿ ಒಂದೇ ಆಗಿದ್ದರೂ ನೆಲದ ಬಣ್ಣ ಬದಲಾದರೆ ಮನೆತನವೇ ಬೇರೆಯಾಗಬಹುದಾದ ಪದ್ಧತಿಯಲ್ಲಿ, ಎಲ್ಲವನ್ನೂ ಹೊನ್ನಾಗಿಸುವ ಅಚ್ಚು ಗುರುತಿನ ಅರ್ಧವನ್ನೇ ಅಳಿಸಿತು. ಬಣ್ಣವನ್ನು ಗೆರೆಗಳಿಂದ ಸೂಚಿಸುವ ಪ್ರಯತ್ನಗಳು ಮೊದಲೇ ನಡೆದಿದ್ದರೂ, ಜೆಸುಯಿಟ್ ಪಾದ್ರಿ ಸಿಲ್ವೆಸ್ಟರ್ ಪೆಟ್ರಾ ಸಾಂಕ್ಟಾ 1638ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಚಾರ ಪಡೆದ ಕ್ರಮವೇ ನೆಲೆಯೂರಿತು: ಚುಕ್ಕಿಗಳು ಹೊನ್ನನ್ನೂ, ಖಾಲಿ ನೆಲ ಬೆಳ್ಳಿಯನ್ನೂ, ಲಂಬ ಗೆರೆಗಳು ಕೆಂಪನ್ನೂ, ಅಡ್ಡಗೆರೆಗಳು ನೀಲಿಯನ್ನೂ, ಇವೆರಡರ ಜಾಲ ಕಪ್ಪನ್ನೂ ಸೂಚಿಸುತ್ತವೆ.

ಗೆರೆಗಳಿಲ್ಲದ ಹಳೆಯ ಅಚ್ಚುಗಳನ್ನು ಓದಲು ವಂಶಾವಳಿಯ ನೆರವು ಬೇಕಾಗುತ್ತದೆ. ಇದಕ್ಕೆ ಪ್ಯಾರಿಸಿನ ಇತಿಹಾಸಕಾರ, ನ್ಯಾಯಾಧಿಕಾರಿ ಜಾಕ್ ಒಗುಸ್ಟ್ ದ ತೂ (1553–1617) ಅವರ ಗ್ರಂಥಗಳು ಉತ್ತಮ ನಿದರ್ಶನ. ಅವರ ಗುರಾಣಿಯಲ್ಲಿ ಶೆವ್ರನ್, ಎಂದರೆ ಮನೆಯ ಸೂರಿನಂತೆ ಮೇಲ್ತುದಿಯಲ್ಲಿ ಕೂಡುವ ಎರಡು ಪಟ್ಟಿಗಳು, ಮತ್ತು ಅದರ ಸುತ್ತ ದನಗಳನ್ನು ಕಚ್ಚುವ ಜಾತಿಯ ಮೂರು ನೊಣಗಳಿವೆ. ಅವಿವಾಹಿತರಾಗಿದ್ದಾಗ ಕಟ್ಟಿಸಿದ ಪುಸ್ತಕಗಳಲ್ಲಿ ಈ ಗುರಾಣಿ ಒಂದೇ ಇದ್ದು, 1587ರಲ್ಲಿ ಮರಿ ದ ಬಾರ್ಬಾನ್ಸೋನ್ ಅವರೊಂದಿಗೆ ಮದುವೆಯಾದ ಬಳಿಕ ಪತ್ನಿಯ ಮನೆತನದ ಗುರಾಣಿಯೂ ಪಕ್ಕದಲ್ಲಿ ಸೇರಿತು. 1601ರಲ್ಲಿ ಆಕೆ ತೀರಿಕೊಂಡು ಗಾಸ್ಪಾರ್ದ್ ದ ಲಾ ಶಾತ್ರ್ ಎರಡನೆಯ ಪತ್ನಿಯಾಗಿ ಬಂದಾಗ ಆ ಜಾಗಕ್ಕೆ ಹೊಸ ಲಾಂಛನ ಬಂದಿತು. ಹೀಗಾಗಿ ರಟ್ಟಿನ ಮೇಲಿನ ಗುರುತು ಒಡೆಯನನ್ನಷ್ಟೇ ಅಲ್ಲದೆ ಹೊದಿಕೆ ಕಟ್ಟಿದ ಕಾಲವನ್ನೂ ಸ್ಥೂಲವಾಗಿ ತಿಳಿಸುತ್ತದೆ.

ಆದರೂ ಈ ಸಾಕ್ಷ್ಯಕ್ಕೆ ಮಿತಿಗಳಿವೆ. ಟ್ಯೂಡರ್ ಕಾಲದ ಇಂಗ್ಲೆಂಡಿನಲ್ಲಿ ಪುಸ್ತಕ ಕಟ್ಟುವವರು ರಾಜಲಾಂಛನವನ್ನು ಕೇವಲ ಅಲಂಕಾರಕ್ಕಾಗಿಯೂ ಬಳಸುತ್ತಿದ್ದುದರಿಂದ, ಅದನ್ನು ಹೊತ್ತ ಪುಸ್ತಕವೆಲ್ಲ ಅರಮನೆಯದಲ್ಲ. ಹಳೆಯ ಹೊದಿಕೆಗೆ ಗಣ್ಯರ ಲಾಂಛನವನ್ನು ತರುವಾಯ ಒತ್ತಿ ಬೆಲೆ ಏರಿಸಿದ ಉದಾಹರಣೆಗಳೂ ಇವೆ. ದ ತೂ ಸಂಗ್ರಹವೇ 1680ರಲ್ಲಿ ಮೆನಾರ್‌ನ ಮಾರ್ಕ್ವಿಸ್ ಅವರ ಕೈಸೇರಿದರೂ ರಟ್ಟಿನ ಮೇಲಿನ ನೊಣಗಳು ಹಾಗೆಯೇ ಉಳಿದವು. ಆದ್ದರಿಂದ ಲಾಂಛನವನ್ನು ಗುರುತಿಸಿದವರು ಅಚ್ಚಿನ ಕಾಲ, ತೊಗಲಿನ ಕಾಲ ಮತ್ತು ಒಡೆತನದ ದಾಖಲೆ ಈ ಮೂರನ್ನೂ ಹೊಂದಿಸಿ ನೋಡಿದ ಮೇಲಷ್ಟೇ ತೀರ್ಮಾನಕ್ಕೆ ಬರುತ್ತಾರೆ.