‘ಹುಡುಗ್ರು, ಬಿಡು’ ಅನ್ನೋದು ಎಲ್ಲೀತನಕ?

ಕಿಟಕಿಯ ಗಾಜು ಒಡೆದದ್ದು ಗುರುವಾರ ರಾತ್ರಿ. ನನಗೆ ಗೊತ್ತಾದದ್ದು ಭಾನುವಾರ, ಅದೂ ವಿಡಿಯೊ ಕಾಲ್‌ನಲ್ಲಿ ಅವ್ವನ ಬೆನ್ನ ಹಿಂದೆ ಕಿಟಕಿಗೆ ರಟ್ಟು ಕಟ್ಟಿದ್ದು ಕಂಡಾಗ. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ಅವ್ವ ಅಂದದ್ದು ಇಷ್ಟೇ: ‘ಹೇಳಿದ್ರ ನೀ ಬಂದು ಜಗಳಾ ತೆಗೀತಿ. ಆಮ್ಯಾಲೆ ಬೆಂಗ್ಳೂರಿಗೆ ಹೋಗ್ಬಿಡ್ತಿ. ದಿನಾ ಅವರ ಮುಖಾ ನೋಡಾಕಿ ಇಲ್ಲಿ ನಾನು.’

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಮನೆ ಇರೋದು ರಾಣೆಬೆನ್ನೂರಿನ ಒಂದು ಹೊಸ ಬಡಾವಣೆಯಲ್ಲಿ. ಪಕ್ಕದ ಸೈಟು ಖಾಲಿ. ಸಂಜೆ ಆದ್ರೆ ಐದಾರು ಹುಡುಗರು ನಮ್ಮ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಮೊದಮೊದಲು ಮೊಬೈಲಲ್ಲಿ ಆಟ, ನಗು, ಗದ್ದಲ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ, ಅನ್ನಲೂಬಾರದು. ಆಮೇಲೆ ಗೇಟಿನ ಮೇಲೆ ಗುಟ್ಕಾ ಉಗುಳು ಬಂತು. ಅಂಗಳದಾಗ ಬಿಯರ್ ಬಾಟಲಿ ಬಿತ್ತು. ಹೊರಗಿನ ನಳ ಮುರೀತು. ಒಂದು ದಿನ ಅವ್ವ ‘ಅಷ್ಟು ಜೋರಾಗಿ ಹಾಡು ಹಚ್ಚಬ್ಯಾಡ್ರಪ್ಪಾ’ ಅಂದಳು. ಮೂರನೇ ದಿನಕ್ಕೆ ಗಾಜು ಹೋಯ್ತು.

ಗೆಳೆಯರ ಗುಂಪಿನಲ್ಲಿ ಇದನ್ನ ಹಾಕಿದ ಮೇಲೆ ಒಬ್ಬೊಬ್ಬರದೂ ಹೊರಗೆ ಬಂತು. ಹಾವೇರಿಯ ಗೆಳೆಯನ ಅಪ್ಪ-ಅವ್ವ ಹುಬ್ಬಳ್ಳಿಯ ಮಗಳ ಮನೆಗೆ ಹೋಗಿ ಹದಿನೈದು ದಿನಕ್ಕೆ ವಾಪಸ್ ಬಂದಾಗ ಮೀಟರ್ ಪೆಟ್ಟಿಗೆ ಒಡೆದಿತ್ತು, ನೀರಿನ ಟ್ಯಾಂಕಿನ ಮುಚ್ಚಳ ರಸ್ತೆಯಲ್ಲಿತ್ತು. ಕಳ್ಳತನ ಏನೂ ಆಗಿರಲಿಲ್ಲ. ಬ್ಯಾಡಗಿಯ ಗೆಳತಿ ಹೇಳಿದ್ದು ಬೇರೆ ಥರ. ಮೆಣಸಿನಕಾಯಿ ಸೀಜನ್ನಿನಲ್ಲಿ, ಅದರಲ್ಲೂ ಸೋಮವಾರ, ಗುರುವಾರದ ಮಾರುಕಟ್ಟೆಗೆ ಲಾರಿ, ಹಮಾಲರು, ರೈತರು ಅಂತ ಊರು ತುಂಬಿರುತ್ತೆ. ರಾತ್ರಿ ಗೇಟು ಅಲುಗಾಡಿಸಿ ಓಡಿದವನು ಯಾರ ಮನೆಯ ಹುಡುಗ ಅಂತ ಯಾರಿಗೂ ಗುರುತು ಸಿಗಲ್ಲ.

ಬ್ಯಾಡಗಿ ಅಂದ ಕೂಡಲೇ ಹಲವರಿಗೆ 2024ರ ಮಾರ್ಚ್ 11 ನೆನಪಾಗುತ್ತೆ. ದರ ಕುಸೀತು ಅಂತ ಸಿಟ್ಟಾದ ರೈತರು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ ದಿನ. ಅದರ ಕಾರಣ ಬೇರೆ, ಸಂಕಟ ಬೇರೆ, ಅದನ್ನ ಇದಕ್ಕೆ ಗಂಟು ಹಾಕೋದು ಸರಿಯಲ್ಲ. ನಾನು ಹೇಳ್ತಿರೋದು ಪೇಪರಿನಲ್ಲಿ ಬರದ ಸಂಗತಿ. ಒಂದು ಗಾಜು, ಒಂದು ನಳ, ಮತ್ತು ಸಂಜೆ ಏಳಕ್ಕೇ ಬಾಗಿಲು ಹಾಕಿಕೊಳ್ಳೋ ಒಬ್ಬ ಹೆಂಗಸು.

ಕಾಮಣ್ಣನ ಕಟ್ಟಿಗೆ

ನಮ್ಮ ಕಡೆ ಹುಡುಗರ ತುಂಟತನಕ್ಕೆ ಒಂದು ಅಧಿಕೃತ ಹಬ್ಬವೇ ಇದೆ. ಹೋಳಿ ಹುಣ್ಣಿಮೆ ಹತ್ತಿರ ಬಂತು ಅಂದ್ರೆ ಕಾಮಣ್ಣನ್ನ ಸುಡಾಕ ಕಟ್ಟಿಗೆ, ಕುಳ್ಳು ಕದಿಯೋದು ಹುಡುಗರ ಹಕ್ಕು ಅನ್ನೋ ಹಂಗ ನಡೀತಿತ್ತು. ಹಲಗಿ ಬಾರಿಸುತ್ತಾ ಬಂದು ಕೇಳೋದು, ಕೊಡದಿದ್ದರೆ ರಾತ್ರಿ ಎತ್ತಿಕೊಂಡು ಹೋಗೋದು. ಮುರಿದ ಹೊರಸು, ಹಳೇ ಬಾಗಿಲು ಎಲ್ಲಾ ಬೆಂಕಿಗೆ. ಕಳಕೊಂಡವರು ಬೈತಿದ್ದರು, ಮರುದಿನ ಅವರೇ ಬಣ್ಣ ಆಡುತ್ತಿದ್ದರು. ರಾಣೆಬೆನ್ನೂರಿನಲ್ಲಂತೂ ಕಾಮ-ರತಿಯ ವೇಷದಲ್ಲಿ ಕೂತ ಮನುಷ್ಯರನ್ನ ನಗಿಸೋಕೆ ಜನ ಜಾತ್ರೆಯಂಗ ಸೇರುತ್ತಾರೆ. ಕೀಟಲೆಯನ್ನ ಹಬ್ಬ ಮಾಡಿಕೊಂಡ ಊರು ನಮ್ಮದು.

ಅದಕ್ಕೇ ಇರಬೇಕು, ‘ಹುಡುಗ್ರು, ಬಿಡು’ ಅನ್ನೋ ಮಾತು ನಮ್ಮ ಬಾಯಿಗೆ ಇಷ್ಟು ಸಲೀಸಾಗಿ ಬರೋದು. ಆದರೆ ಹಳೇ ಕಟ್ಟಿಗೆ ಕಳ್ಳತನಕ್ಕೆ ಒಂದು ಲಕ್ಷಣ ಇತ್ತು. ಕದ್ದವನು ಯಾರ ಮಗ ಅಂತ ಇಡೀ ಓಣಿಗೆ ಗೊತ್ತಿತ್ತು, ಮಿತಿ ಮೀರಿದರೆ ಅವನ ಕಾಕಾನೇ ಕಿವಿ ಹಿಂಡುತ್ತಿದ್ದ. ಹೊಸ ಬಡಾವಣೆಗಳಲ್ಲಿ ಮನೆ ಬಂದಿದೆ, ಓಣಿ ಬಂದಿಲ್ಲ. ನಮ್ಮ ಸಾಲಿನ ಏಳು ಮನೆಗಳಲ್ಲಿ ನಾಲ್ಕರ ಮಕ್ಕಳು ಬೆಂಗಳೂರು, ಪುಣೆಯಲ್ಲಿದ್ದಾರೆ. ಆ ಹುಡುಗರು ಯಾರು ಅಂತ ನನಗೂ ಗೊತ್ತಿರಲಿಲ್ಲ, ಅವ್ವಗೂ ಗೊತ್ತಿರಲಿಲ್ಲ.

ಮೊದಲು ಗಾಜು

ಊರಿಗೆ ಹೋದ ದಿನ ನಾನು ಮಾಡಬೇಕು ಅಂದುಕೊಂಡಿದ್ದು ನಾಲ್ಕು ಕ್ಯಾಮೆರಾ ಮತ್ತು ಒಂದು ಜಗಳ. ಪಕ್ಕದ ಬೀದಿಯ ನಿವೃತ್ತ ಮಾಸ್ತರರು ತಡೆದರು. ‘ಮೊದಲ ಗಾಜು ಹಾಕಸಪಾ. ರಟ್ಟು ನೋಡಿದ್ರ ಅವರಿಗೆ ಗೆದ್ದಂಗ ಆಗ್ತೈತಿ’ ಅಂದರು.

ಮಾಸ್ತರರು ಓದಿ ಹೇಳಿದ್ದೋ ಅನುಭವದಿಂದ ಹೇಳಿದ್ದೋ, ಅದರ ಹಿಂದೆ ಒಂದು ಹೆಸರುವಾಸಿ ವಾದ ಇದೆ. 1982ರಲ್ಲಿ ಅಮೆರಿಕದ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ‘ಒಡೆದ ಕಿಟಕಿ’ಗಳ ಬಗ್ಗೆ ಒಂದು ಲೇಖನ ಬರೆದರು. ಒಂದು ಗಾಜು ಒಡೆದು ಹಾಗೇ ಉಳಿದರೆ ಇಲ್ಲಿ ಕೇಳೋರಿಲ್ಲ ಅನ್ನೋ ಸಂದೇಶ ಹೋಗುತ್ತೆ, ಉಳಿದ ಗಾಜುಗಳೂ ಒಡೀತಾವೆ ಅಂತ. ಮುಂದೆ ನ್ಯೂಯಾರ್ಕಿನಂಥ ಕಡೆ ಪೊಲೀಸರು ಇದೇ ವಾದ ಹಿಡಿದು ಬಡವರ ಹುಡುಗರನ್ನ ಸಣ್ಣಪುಟ್ಟದ್ದಕ್ಕೆಲ್ಲಾ ಹಿಡಿದರು ಅನ್ನೋ ಟೀಕೆಯೂ ಬಂತು. ನನಗೆ ಆ ವಾದದ ಅರ್ಧ ಸಾಕು: ಗಾಜು ಹಾಕಿಸು. ಹುಡುಗರನ್ನ ಹಿಡಿಯೋ ಮಾತು ಆಮೇಲೆ.

ಅದೇ ದಿನ ಗಾಜು ಹಾಕಿಸಿದೆವು. ಗೇಟು ತೊಳೆದು ಬಣ್ಣ ಹಚ್ಚಿದೆವು. ಖಾಲಿ ಸೈಟಿನ ಮಾಲೀಕರು ದಾವಣಗೆರೆಯಲ್ಲಿದ್ದರು. ಫೋನ್ ಮಾಡಿದರೆ ಮುಳ್ಳುಗಿಡ ತೆಗೆಸೋಕೆ ಒಪ್ಪಿದರು. ಒಪ್ಪದಿದ್ದರೆ ಹಾವೇರಿ, ರಾಣೆಬೆನ್ನೂರಿನವರು ನಗರಸಭೆಗೆ, ಬ್ಯಾಡಗಿಯವರು ಪುರಸಭೆಗೆ ಲಿಖಿತ ಅರ್ಜಿ ಕೊಡಬಹುದು. ಬೀದಿದೀಪದ ದೂರೂ ಅಲ್ಲಿಗೇ. ಮನೆಯ ಕರೆಂಟಿನದ್ದಾದರೆ ಹೆಸ್ಕಾಂನ 1912. ಗೇಟಿನ ಹತ್ತಿರ ಯಾರಾದರೂ ಬಂದರೆ ತಾನೇ ಹತ್ತಿಕೊಳ್ಳೋ ಸೆನ್ಸರ್ ದೀಪ ಒಂದು ಹಾಕಿಸಿದೆ. ಇಷ್ಟು ದಿನದ ಖರ್ಚಿನಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡಿದ್ದು ಅದೇ.

ಕ್ಯಾಮೆರಾ ನಾಲ್ಕಲ್ಲ, ಒಂದೇ ಹಾಕಿದೆವು. ಮುಖ ಕಾಣೋ ಎತ್ತರದಲ್ಲಿ, ಗೇಟಿಗೆ ಮುಖ ಮಾಡಿ. ಎದುರು ಮನೆಯವರ ಬಾಗಿಲು, ಬಚ್ಚಲ ಕಿಟಕಿ ಅದರೊಳಗೆ ಬೀಳಬಾರದು. ನಮ್ಮ ಸುರಕ್ಷತೆ ಅಂತ ಅವರ ಮನೆಯೊಳಗೆ ಇಣುಕೋದು ಹೊಸ ಜಗಳಕ್ಕೆ ದಾರಿ. ಕರೆಂಟ್ ಹೋದಾಗ ವೈಫೈ ರೂಟರ್ ಸತ್ತರೆ ಕ್ಯಾಮೆರಾ ಕುರುಡು, ಹಂಗಾಗಿ ರೂಟರಿಗೆ ಸಣ್ಣ ಯುಪಿಎಸ್ ಬೇಕು. ಮೆಮೊರಿ ಕಾರ್ಡು ತುಂಬಿದ ಮೇಲೆ ಹಳೇ ದೃಶ್ಯದ ಮೇಲೇ ಹೊಸದು ಬರೀತದೆ. ಘಟನೆ ಆದ ದಿನವೇ ಆ ತುಣುಕು ತೆಗೆದಿಟ್ಟುಕೊಳ್ಳಿ, ಮೂಲ ಕಾರ್ಡನ್ನೂ ಜೋಪಾನ ಮಾಡಿ. ಮುಂದೆ ಕೋರ್ಟಿನವರೆಗೂ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಇಲ್ಲದೆ ಆ ವಿಡಿಯೊ ನಿಲ್ಲೋದು ಕಷ್ಟ.

ಮಾತು ಯಾರು ಆಡಬೇಕು

ಹುಡುಗರ ಜತೆ ನಾನು ಮಾತಾಡಲಿಲ್ಲ. ಬೆಂಗಳೂರಿನಿಂದ ಬಂದ ಮಗ ಗೇಟಿನಲ್ಲಿ ನಿಂತು ಇಂಗ್ಲಿಷ್ ಬೆರೆಸಿ ರೇಗಿದರೆ ಏನಾಗುತ್ತೆ ಅಂತ ಅವ್ವ ಸರಿಯಾಗೇ ಊಹಿಸಿದ್ದಳು. ಮಾಸ್ತರರು ಮತ್ತು ಮೂಲೆಯ ಕಿರಾಣಿ ಅಂಗಡಿಯ ಅಕ್ಕ ಸೇರಿ ಮೊದಲು ಹುಡುಗರ ಹೆಸರು ಹಚ್ಚಿದರು. ಇಬ್ಬರು ಎರಡು ಬೀದಿ ಆಚೆಯವರು, ಒಬ್ಬ ಐಟಿಐ ಬಿಟ್ಟವನು, ಒಬ್ಬನ ಅಪ್ಪ ಗಾರೆ ಕೆಲಸಕ್ಕೆ ಗೋವಾಕ್ಕೆ ಹೋದವರು. ಹೆಸರು ಗೊತ್ತಾದ ಮೇಲೆ ‘ಆ ಪುಂಡರು’ ಅಂತ ನನ್ನ ಬಾಯಲ್ಲಿ ಬರೋದು ಕಡಿಮೆ ಆಯ್ತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಮಾಸ್ತರರು ಸಂಜೆ ಅಲ್ಲ, ಬೆಳಿಗ್ಗೆ, ಒಬ್ಬೊಬ್ಬನ ಮನೆಗೇ ಹೋದರು. ಗುಂಪಿನ ಎದುರಿಗೆ ಬೈದರೆ ಹುಡುಗನಿಗೆ ಮರ್ಯಾದೆ ಉಳಿಸಿಕೊಳ್ಳೋಕೆ ಎದುರು ಮಾತಾಡಲೇಬೇಕಾಗುತ್ತೆ, ಮನೇಲಿ ಹಂಗಲ್ಲ. ‘ಬಾಯಾರು ಒಬ್ಬರೇ ಇರ್ತಾರ. ಗಾಜು ಯಾರು ಒಡದ್ರು ಅಂತ ಕೇಳಂಗಿಲ್ಲ. ಇನ್ನೊಮ್ಮೆ ಒಡದ್ರ ನಾನ ಸ್ಟೇಷನ್ನಿಗೆ ಬರ್ತೀನಿ’ ಅಂದರಂತೆ. ಒಂದು ಮನೆಯವರು ಚಹಾ ಕೊಟ್ಟರು. ಇನ್ನೊಂದು ಮನೆಯವರು ‘ನಮ್ಮ ಹುಡುಗನ ಹೆಸರು ಹೆಂಗ ಹೇಳ್ತೀರಿ’ ಅಂತ ಹರಿಹಾಯ್ದರು.

ಎಲ್ಲರ ಪಾಲಿಗೂ ಮಾಸ್ತರರು ಸಿಗೋದಿಲ್ಲ. ಪ್ರತಿ ಠಾಣೆಯಲ್ಲೂ ನಿಮ್ಮ ಪ್ರದೇಶಕ್ಕೆ ಒಬ್ಬ ಬೀಟ್ ಪೊಲೀಸ್ ಇರುತ್ತಾರೆ. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ‘ಮನೆ ಮನೆಗೆ ಪೊಲೀಸ್’ ಕೂಡ ಪೊಲೀಸರೇ ಮನೆಗೆ ಬಂದು ಅಹವಾಲು ಕೇಳೋ ಯೋಜನೆ. ಜಗಳ ಆಗೋ ಮುಂಚೆಯೇ ಅವರ ನಂಬರ್ ಅಪ್ಪ-ಅವ್ವನ ಮೊಬೈಲಲ್ಲಿ ಇರಲಿ, ಮನೆ ಬೀಗ ಹಾಕಿ ಊರಿಗೆ ಹೋಗುವಾಗ ಅವರಿಗೊಂದು ಮಾತು ಹೇಳಿ ಹೋಗಲಿ. ಗೇಟಿನಲ್ಲಿ ಗಲಾಟೆ ನಡೀತಿದ್ದರೆ ನೇರ 112.

ಗೆರೆ ದಾಟಿದ ಮೇಲೆ

ಕಾನೂನಿನಲ್ಲಿ ತಿಳಿದಿರಬೇಕಾದ ಒಂದು ಸೂಕ್ಷ್ಮ ಇದೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆಸ್ತಿ ಹಾಳು ಮಾಡೋದು ಅದರ 324ನೇ ಕಲಂ. ನಷ್ಟ 20 ಸಾವಿರ ರೂಪಾಯಿಯಿಂದ ಲಕ್ಷದೊಳಗಿದ್ದರೆ 2 ವರ್ಷದವರೆಗೆ, ಲಕ್ಷ ಅಥವಾ ಹೆಚ್ಚಾದರೆ 5 ವರ್ಷದವರೆಗೆ ಶಿಕ್ಷೆ. ಆದರೆ ಒಂದು ಕಿಟಕಿ ಗಾಜು ಅಷ್ಟಾಗೋದಿಲ್ಲ. ಅಂಥ ಸಣ್ಣ ಹಾನಿಯ ದೂರನ್ನ ಪೊಲೀಸರು ಅಸಂಜ್ಞೇಯ ಅಂತ ಬರೆದುಕೊಳ್ಳುತ್ತಾರೆ, ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ತನಿಖೆ ಮಾಡುವಂತಿಲ್ಲ. ‘ಎನ್‌ಸಿಆರ್ ಕೊಟ್ಟು ಕಳಿಸಿದರು’ ಅಂತ ಬೇಜಾರಾಗೋದು ಇದಕ್ಕೇ.

ಅದೇ ಹುಡುಗ ಕೇಡು ಮಾಡೋಕೆ, ಹೆದರಿಸೋಕೆ ಅಥವಾ ಪೀಡಿಸೋಕೆ ಅಂತ ನಿಮ್ಮ ಕಾಂಪೌಂಡಿನೊಳಗೆ ಕಾಲಿಟ್ಟಿದ್ದರೆ ಅದು 329ನೇ ಕಲಂನ ಅಪರಾಧಿಕ ಅತಿಕ್ರಮ ಪ್ರವೇಶ. ಅದಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ಹಾಗಾಗಿ ದೂರಿನಲ್ಲಿ ‘ಕಿರುಕುಳ ಕೊಡ್ತಾರೆ’ ಅಂತಷ್ಟೇ ಬರೀಬೇಡಿ. ಯಾವ ದಿನ, ಎಷ್ಟು ಗಂಟೆಗೆ, ಗೇಟು ದಾಟಿದ್ದು ಯಾರು, ಏನು ಮುರಿದರು, ರಿಪೇರಿ ಬಿಲ್ ಎಷ್ಟು, ಎಲ್ಲಾ ಬರೀರಿ. ಅವ್ವ ಈಗ ಕ್ಯಾಲೆಂಡರಿನ ಮೇಲೇ ಗುರುತು ಹಾಕುತ್ತಾಳೆ, ಹಾಲಿನ ಲೆಕ್ಕದ ಪಕ್ಕ.

ಬೆಂಗಳೂರಿನಲ್ಲಿ ಕೂತವರಿಗೆ ಉಪಯೋಗ ಆಗೋದು ಇನ್ನೊಂದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನ ಯಾವ ಠಾಣೆಗಾದರೂ ಕೊಡಬಹುದು, ಇ-ಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲೂ ಕೊಡಬಹುದು. ಕೊಟ್ಟವರು 3 ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ತಗೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ಅಂದರೆ ದೂರುದಾರ ನೀವೇ ಆಗಬಹುದು. ಠಾಣೆಯ ಬೆಂಚಿನ ಮೇಲೆ ಅವ್ವನ್ನ ಕೂರಿಸಬೇಕಾಗಿಲ್ಲ.

ಹುಡುಗ 18 ತುಂಬದವನಾದರೆ ಲೆಕ್ಕವೇ ಬೇರೆ. ದೊಡ್ಡವರ ಜತೆ ಸೇರಿ ಮಾಡಿರದಿದ್ದರೆ ಇಂಥ ಸಣ್ಣ ಅಪರಾಧಕ್ಕೆ ಸಾಮಾನ್ಯವಾಗಿ ಎಫ್‌ಐಆರ್ ಆಗೋದಿಲ್ಲ. ಠಾಣೆಯ ಡೈರಿಯಲ್ಲಿ ದಾಖಲಾಗಿ ಬಾಲ ನ್ಯಾಯ ಮಂಡಳಿಗೆ ವರದಿ ಹೋಗುತ್ತೆ. ಇಲ್ಲೇ ನಮ್ಮಂಥ ಫೋನಿನವರು ಎಡವೋದು: ಸಿಸಿಟಿವಿ ತುಣುಕು ತೆಗೆದು ‘ಇವನನ್ನ ಗುರುತಿಸಿ’ ಅಂತ ಸ್ಟೇಟಸ್ಸಿಗೆ ಹಾಕೋದು. ಪ್ರಕರಣದಲ್ಲಿರೋ ಮಗುವಿನ ಗುರುತು ಬಹಿರಂಗ ಮಾಡಿದರೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಂನಲ್ಲಿ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಇದೆ. ಗಾಜು ಒಡೆದವನಿಗಿಂತ ವಿಡಿಯೊ ಹಾಕಿದವರಿಗೇ ಹೆಚ್ಚು ಕಷ್ಟ. ಗೇಟಿಗೆ ಕರೆಂಟ್ ಹರಿಸೋ ‘ಐಡಿಯಾ’ವನ್ನೂ ನನಗೆ ಇಬ್ಬರು ಹೇಳಿದರು. ಹೊಲದ ಬೇಲಿಗೆ ಹಂಗ ಮಾಡಿ ಸತ್ತವರ ಸುದ್ದಿ ಓದಿಯೂ ಹೇಳ್ತಾರಲ್ಲ!

ನಮ್ಮ ಮನೆಯ ಕಥೆ ಪೂರ್ತಿ ಸುಖಾಂತ್ಯವೇನಲ್ಲ. ಗಾಜು ಮತ್ತೆ ಒಡೆದಿಲ್ಲ. ಚಹಾ ಕೊಟ್ಟ ಮನೆಯ ಹುಡುಗ ಈಗ ಗ್ಯಾಸ್ ಸಿಲಿಂಡರ್ ಒಳಗಿಟ್ಟು ಹೋಗುತ್ತಾನೆ. ಹರಿಹಾಯ್ದ ಮನೆಯವನು ಅವ್ವ ಎದುರಾದರೆ ಮುಖ ತಿರುಗಿಸುತ್ತಾನೆ, ಖಾಲಿ ಸೈಟಿನಲ್ಲಿ ಆಗಾಗ ಬಾಟಲಿಯೂ ಕಾಣುತ್ತೆ. ಹೋಳಿಗೆ ಹುಡುಗರು ಹಲಗಿ ಹಿಡಿದು ಬಂದಾಗ ಅವ್ವ ಅಟ್ಟದ ಮೇಲಿನ ಮುರಿದ ಹೊರಸು ತಾನೇ ಕೊಟ್ಟಳಂತೆ, ‘ಗೇಟಿನ ಕಡೆ ನೋಡಬ್ಯಾಡ್ರಿ ಮತ್ತ’ ಅಂತ ಹೇಳಿ.

ಮೊನ್ನೆ ರಾತ್ರಿ ಎಂಟೂವರೆಗೆ ಅವಳ ಫೋನ್ ಬಂತು. ಎದೆ ಧಸಕ್ ಅಂತು. ಬಾಗಿಲು ಇನ್ನೂ ತೆರೆದೇ ಇತ್ತು, ಹೊರಗಿನ ಗಾಡಿಗಳ ಸದ್ದು ಕೇಳಿಸ್ತಿತ್ತು. ‘ಬೀದಿದೀಪ ಹೋಗೇತಿ’ ಅಂದಳು. ‘ನಗರಸಭಿಗೆ ನಾನ ಹೇಳೀನಿ. ನೀ ಮತ್ತ ಫೋನ್ ಮಾಡಿ ಅವರಿಗೆ ಬೈಬ್ಯಾಡ.’