ಮೊದಲು ಮುಳ್ಳು, ಆಮೇಲೆ ಬಣ್ಣ

ಲಕ್ಷ್ಮೇಶ್ವರದ ನಮ್ಮ ಗೆಳೆಯನ ಮನೆಯ ಹಿತ್ತಲಿನಲ್ಲಿ ಒಂದು ಹಳೆ ಅಂಬಾಸಿಡರ್ ಐತಿ. ಅಜ್ಜನ ಕಾರು. ಒಂದು ಸಂಜೆ ಶಿರಹಟ್ಟಿಯಿಂದ ಬರುವಾಗ ಅದು ನಡುದಾರಿಯಲ್ಲಿ ನಿಂತುಬಿಟ್ಟಿತು. ಪೆಟ್ರೋಲ್ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು, ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟರೆ ತುದಿಗೂ ಹಸಿ ಇಲ್ಲ. ಎಂಜಿನ್ ಬಿಸಿ ತೋರಿಸೋ ಮುಳ್ಳೂ ಯಾವಾಗಲೂ ಕೆಂಪಿನ ಹತ್ತಿರವೇ. ಅದಕ್ಕಂತ ಎರಡು ಸಲ ರೇಡಿಯೇಟರ್ ತೊಳೆಸಿದ್ದೂ ಆಗಿತ್ತು. "ಸಾಕಿನ್ನ, ಗುಜರಿಗೆ ಹಾಕೋಣು" ಅಂತ ಮನೆಯಲ್ಲಿ ಮಾತು ಶುರುವಾಯಿತು. ಅಜ್ಜ ಏನೂ ಅನ್ನಲಿಲ್ಲ.

"ಒಂದು ಭಾನುವಾರ ಕೊಡ್ರಿ ಅಜ್ಜಾ, ಮೀಟರ್ ಬಿಚ್ಚಿ ನೋಡ್ತೀವಿ" ಅಂದೆವು. ಒಂದು ಹೋಗಿ ಮೂರು ಭಾನುವಾರ ಆದವು. ನಾವು ಕಲಿತದ್ದು, ಕೆಡಿಸಿದ್ದು ಎರಡೂ ಇಲ್ಲಿವೆ.

ಹೊಸದು ಯಾಕೆ ಹಾಕಲಿಲ್ಲ?

ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ್ದು 2014ರಲ್ಲಿ. ಡಿಜಿಟಲ್ ಮೀಟರ್ ಕೂರಿಸೋದು ಸುಲಭ, ಆದರೆ 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮವನ್ನೂ ನೋಡಬೇಕು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ದೊಡ್ಡ ಮಾರ್ಪಾಡು ಆಗದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಅಜ್ಜನ ಕಾರಿಗೆ ಇನ್ನೂ ಕೆಲವು ವರ್ಷ ಬೇಕು. ಅಲ್ಲಿವರೆಗೆ ಮೂಲ ಸಾಮಾನು ಕಳೆಯೋದು ಜಾಣತನ ಅಲ್ಲ.

ಸುಳ್ಳು ಎಲ್ಲಿ ಹುಟ್ಟುತ್ತದೆ?

ಪಂಪ ಹೆಮ್ಮೆಯಿಂದ ಹೇಳಿಕೊಂಡ ಪುಲಿಗೆರೆಯ ಕನ್ನಡ ಇದೇ ಲಕ್ಷ್ಮೇಶ್ವರದ್ದು. ಹಂಗಾಗಿ ಇಲ್ಲಿ ನೀಡಲ್ ಅನ್ನು ಮುಳ್ಳು ಅಂತಲೇ, ಕಪ್ ಅನ್ನು ಬಟ್ಟಲು ಅಂತಲೇ ಕರೆಯುತ್ತೇವೆ.

ಮುಳ್ಳು ತಾನಾಗಿ ಸುಳ್ಳು ಹೇಳೋದಿಲ್ಲ. ಟ್ಯಾಂಕಿನಲ್ಲಿ ಒಂದು ತೇಲುಗುಂಡು, ಅದರ ಜೊತೆ ಬದಲಾಗುವ ರೆಸಿಸ್ಟೆನ್ಸ್, ಅಲ್ಲಿಂದ ವೈರು, ಕೊನೆಗೆ ಮೀಟರ್. ಈ ಸರಪಳಿಯ ಯಾವ ಕೊಂಡಿ ಕೆಟ್ಟರೂ ಬೈಗುಳ ಮಾತ್ರ ಮುಳ್ಳಿಗೆ.

ಕೀ ತಿರುಗಿಸಿದ ಕೂಡಲೇ ಮುಳ್ಳು ಜಿಗಿದರೆ ಅದು ಕಾಂತದ ನಮೂನೆ. ನಿಧಾನಕ್ಕೆ ಏರಿದರೆ ಬೈಮೆಟಲ್ ನಮೂನೆ, ನಮ್ಮ ಕಾರಿನದು ಅದೇ. ಒಳಗೆ ಎರಡು ಲೋಹ ಅಂಟಿಸಿದ ಪಟ್ಟಿ, ಅದರ ಸುತ್ತ ಸಣ್ಣ ತಂತಿ. ಕರೆಂಟ್ ಹರಿದಾಗ ತಂತಿ ಬಿಸಿಯಾಗಿ ಪಟ್ಟಿ ಬಾಗುತ್ತದೆ, ಮುಳ್ಳು ಸರಿಯುತ್ತದೆ. ಬ್ಯಾಟರಿಯ ವೋಲ್ಟೇಜ್ ಏರಿಳಿದರೂ ಲೆಕ್ಕ ತಪ್ಪಬಾರದು ಅಂತ ಹಿಂದೆ ಒಂದು ಸಣ್ಣ ಸ್ಟೆಬಿಲೈಜರ್ ಇರುತ್ತದೆ. ಅದು ಸಂಪರ್ಕವನ್ನು ಕೂಡಿಸುತ್ತ ಬಿಡಿಸುತ್ತ ಸರಾಸರಿ 10 ವೋಲ್ಟ್ ಕೊಡುತ್ತದೆ.

ಪೆಟ್ರೋಲ್ ಮುಳ್ಳು, ಬಿಸಿಯ ಮುಳ್ಳು ಎರಡೂ ಒಟ್ಟಿಗೆ ಹೆಚ್ಚು ತೋರಿಸುತ್ತಿದ್ದವು. ಇಬ್ಬರು ಒಂದೇ ಸುಳ್ಳು ಹೇಳಿದರೆ ಹೇಳಿಕೊಟ್ಟವ ಒಬ್ಬನೇ ಇರಬೇಕಲ್ಲ? ಮಲ್ಟಿಮೀಟರ್ ಹಿಡಿದೆವು. ಸ್ಟೆಬಿಲೈಜರ್ ಸರಿ ಇದ್ದರೆ ಅಂಕಿ ಮೇಲೆ ಕೆಳಗೆ ಕುಣಿಯಬೇಕು. ನಮ್ಮದು ಬ್ಯಾಟರಿಯ ವೋಲ್ಟೇಜಿಗೇ ಅಂಟಿಕೊಂಡು ನಿಂತಿತ್ತು. ಎಂಜಿನ್ ಓಡುವಾಗ ಅದು 14ರ ಹತ್ತಿರ ಇರುತ್ತದೆ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: 1.4 × 1.4, ಹತ್ತಿರ ಹತ್ತಿರ ಎರಡು ಪಟ್ಟು! ಖಾಲಿ ಟ್ಯಾಂಕ್ ಕಾಲು ಟ್ಯಾಂಕ್ ಆದದ್ದು ಹಿಂಗ.

ಸ್ಟೆಬಿಲೈಜರ್ ಕೆಟ್ಟಿತ್ತೇ? ಇಲ್ಲ. ಅದಕ್ಕೆ ಅರ್ಥಿಂಗ್ ಸಿಗೋದು ಅದನ್ನು ಕೂರಿಸಿದ ತಗಡಿನಿಂದ. ಹಿಂದೆ ಯಾರೋ ಮೀಟರ್ ಡಬ್ಬಿ ಚಂದ ಕಾಣಲಿ ಅಂತ ಬಣ್ಣ ಹೊಡೆದಿದ್ದರು, ಆ ಬಣ್ಣ ತಗಡಿಗೂ ಸ್ಟೆಬಿಲೈಜರಿಗೂ ನಡುವೆ ಗೋಡೆಯಾಗಿ ಕೂತಿತ್ತು. ಪಾಲಿಶ್ ಪೇಪರಿನಿಂದ ಆ ಜಾಗ ತಿಕ್ಕಿ ಮತ್ತೆ ಸ್ಕ್ರೂ ಹಾಕಿದೆವು. ಅಂಕಿ ಕುಣಿಯತೊಡಗಿತು. ರೇಡಿಯೇಟರ್ ಮೊದಲಿಂದಲೂ ಸರಿಯೇ ಇತ್ತು.

ಬಿಚ್ಚುವಾಗ, ತೊಳೆಯುವಾಗ

ಮೊದಲ ಕೆಲಸ, ಬ್ಯಾಟರಿ ವೈರು ತೆಗೆಯೋದು. ಎರಡನೆಯದು, ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರೆದು ಫೋಟೋ ತೆಗೆಯೋದು. ಟ್ಯಾಂಕಿನ ಹತ್ತಿರ ಕಿಡಿ ಹಾರುವಂಥ ಯಾವ ಪರೀಕ್ಷೆಯನ್ನೂ ಮಾಡಬ್ಯಾಡ್ರಿ.

ಗಾಜನ್ನು ಸೋಪಿನ ನೀರಲ್ಲಿ ತೊಳೆಯಬಹುದು, ಡಯಲ್ ಅನ್ನು ಖಂಡಿತ ಇಲ್ಲ. ನಾವು ಹತ್ತಿಗೆ ಥಿನ್ನರ್ ಹಚ್ಚಿ ಒಂದು ಮೂಲೆ ಒರೆಸಿದ್ದಕ್ಕೆ 80ರ ಸೊನ್ನೆ ಅರ್ಧ ಎದ್ದು ಬಂತು. ಅಜ್ಜ ನೋಡಿ, "ಇರಲಿ ಬಿಡ್ರಿ, ನಾ ಎಂದೂ ಎಂಬತ್ತರಾಗ ಓಡಿಸಿಲ್ಲ" ಅಂದರು. ನಮಗೆ ಮಾತ್ರ ಆ ಸೊನ್ನೆ ಈಗಲೂ ಚುಚ್ಚುತ್ತದೆ. ಡಯಲ್‌ಗೆ ಒಣ ಮೆತ್ತನೆ ಬ್ರಷ್ ಸಾಕು. ಮುಳ್ಳಿಗೆ ಬಣ್ಣ ಬೇಕೇಬೇಕಾದರೆ ತೆಳುವಾಗಿ ಒಂದೇ ಸಲ, ದಪ್ಪ ಬಳಿದರೆ ತೂಕ ತಪ್ಪುತ್ತದೆ. ಡಬ್ಬಿಯ ಒಳಗೆ ಬಿಳಿ ಬಣ್ಣ ಹೊಡೆದರೆ ರಾತ್ರಿ ಬೆಳಕು ಚೆನ್ನಾಗಿ ಹರಡುತ್ತದೆ. ಆದರೆ ಅರ್ಥಿಂಗ್ ಜಾಗಕ್ಕೆ ಮೊದಲು ಟೇಪ್ ಅಂಟಿಸಿರಿ, ಇಲ್ಲಾಂದ್ರೆ ಅದೇ ಹಳೆ ಕಥಿ.

ಮುಟ್ಟದೇ ತಿರುಗಿಸುವ ಬಟ್ಟಲು

ಸ್ಪೀಡೋಮೀಟರಿಗೆ ಕರೆಂಟೇ ಬೇಡ. ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಕಾಂತವನ್ನು ತಿರುಗಿಸುತ್ತದೆ. ಕಾಂತದ ಮೇಲೆ, ಅದನ್ನು ಮುಟ್ಟದೇ, ಅಲ್ಯೂಮಿನಿಯಂ ಬಟ್ಟಲು. ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಎಡ್ಡಿ ಕರೆಂಟ್ ಹುಟ್ಟಿ ಬಟ್ಟಲನ್ನೂ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ತಡೆಯುತ್ತದೆ. ಎರಡೂ ಸಮ ಆದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ ಲೆನ್ಸ್ ನಿಯಮ ಅಜ್ಜನ ಕಾರಿನಲ್ಲಿ ಇಷ್ಟು ವರ್ಷ ದುಡಿಯುತ್ತಿತ್ತು.

ನಮ್ಮ ಮುಳ್ಳು ನಡುಗುತ್ತಿದ್ದದ್ದಕ್ಕೆ ಕಾರಣ ಒಣಗಿದ ಕೇಬಲ್. ತೆಗೆದು ಒರೆಸಿ ಗ್ರೀಸ್ ಹಚ್ಚಿದೆವು. ಮೀಟರ್ ಕಡೆಯ ಒಂದು ಗೇಣು ಮಾತ್ರ ಒಣಗಿಸಿಯೇ ಬಿಟ್ಟೆವು. ಅಲ್ಲಿ ಹಚ್ಚಿದರೆ ಗ್ರೀಸ್ ಮೇಲೇರಿ ಬಟ್ಟಲಿಗೆ ಅಂಟಿ ಮುಳ್ಳನ್ನು ಎಳೆಯುತ್ತದೆ.

ಕಿಲೋಮೀಟರ್ ಅಂಕಿಗಳ ಗಾಲಿಗಳೂ ಕೈಯಲ್ಲೇ ಇದ್ದವು. 61 ಸಾವಿರ ಚಿಲ್ಲರೆ. "ಸೊನ್ನೆ ಮಾಡೋಣೇನು, ಹೊಸಾದರಂಗ ಕಾಣ್ತದ" ಅಂತ ನಮ್ಮಲ್ಲೊಬ್ಬ ಅಂದ. ಮಾಡಲಿಲ್ಲ. ಐದಂಕಿಯ ಮೀಟರು 99,999 ಆದ ಮೇಲೆ ತಾನೇ ಸೊನ್ನೆಗೆ ಬರುತ್ತದೆ. ಅದು ಎಷ್ಟು ಸುತ್ತು ಹಾಕಿದೆ ಅಂತ ಅಜ್ಜನಿಗೇ ಗೊತ್ತು. ಮುಳ್ಳಿನ ಸುಳ್ಳು ಬಿಡಿಸಲು ಹೋದ ನಾವೇ ಅಂಕಿಗೆ ಸುಳ್ಳು ಕಲಿಸೋದು ಸರಿಯಲ್ಲ.

ಕೊನೆಯ ಪರೀಕ್ಷೆ

ಜೋಡಿಸಿದ ಮೇಲೆ ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಹಾಕುತ್ತ, ಪ್ರತಿ ಸಲ ಎರಡು ನಿಮಿಷ ಕಾದು, ಮುಳ್ಳು ಎಲ್ಲಿ ನಿಂತಿತು ಅಂತ ಬರೆದುಕೊಂಡೆವು. ವೇಗವನ್ನು ಮೊಬೈಲಿನ ಜಿಪಿಎಸ್ ಜೊತೆ, ದೂರವನ್ನು ರಸ್ತೆಯ ಕಿಲೋಮೀಟರ್ ಕಲ್ಲುಗಳ ಜೊತೆ ಹೋಲಿಸಿದೆವು. ಆ ಚೀಟಿ ಈಗ ಕಾರಿನಲ್ಲೇ ಇದೆ.

ಗುಜರಿಯ ಮಾತು ಸದ್ಯಕ್ಕೆ ನಿಂತಿದೆ. ಅಜ್ಜ ಮಾತ್ರ ಇನ್ನೂ ಹೊರಡುವ ಮುಂಚೆ ಟ್ಯಾಂಕಿಗೆ ಕಡ್ಡಿ ಇಳಿಬಿಡುತ್ತಾರೆ. "ಮುಳ್ಳು ಸರಿ ಐತ್ರೀ ಅಜ್ಜಾ" ಅಂದರೆ, "ಹೌದಪ್ಪ, ಕಡ್ಡಿನೂ ಅದನ್ನ ಹೇಳಾಕತ್ತೈತಿ" ಅಂತಾರೆ.